ನಿಂತ ಗೆರೆ, ಓರೆ ಗೆರೆ

ಪುಷ್ಯದ ಬೆಳಗಿನಲ್ಲಿ ಯಾವಗಲ್ಲಿನ ಎರಿ ಹೊಲಗಳ ನಡುವೆ ನಿಂತವರಿಗೆ ಮೊದಲು ಸಿಗುವುದು ದೂರ. ರೋಣಕ್ಕೂ ನರಗುಂದಕ್ಕೂ ನಡುವೆ ಹಾಸಿಕೊಂಡ ಈ ಬಯಲಿನಲ್ಲಿ ಕಣ್ಣಿಗೆ ಅಡ್ಡ ಬರುವಂಥದ್ದು ಹೆಚ್ಚೇನೂ ಇಲ್ಲ. ಒಂದು ಬೇವಿನ ಗಿಡ, ಬದುವಿನ ಮೇಲೆ ಒಂದಿಷ್ಟು ಜಾಲಿ, ಅದರಾಚೆ ಮತ್ತೆ ಹೊಲ, ಹೊಲದಾಚೆ ಹೊಲ, ಕೊನೆಗೆ ನೆಲ ಎಲ್ಲಿ ಮುಗಿಯಿತು, ಮುಗಿಲು ಎಲ್ಲಿ ಸುರುವಾಯಿತು ಎಂದು ಹೇಳಲಾಗದ ಒಂದು ಬೂದು ಅಂಚು. ಹಿಂಗಾರಿ ಜೋಳದ ತೆನೆಗಳು ಹಾಲು ತುಂಬಿಕೊಂಡು ತಲೆ ಭಾರ ಮಾಡಿಕೊಂಡಿರುತ್ತವೆ, ಕಡಲೆಯ ಎಲೆಗಳ ಮೇಲೆ ರಾತ್ರಿಯ ಇಬ್ಬನಿ ಹುಳಿಯಾಗಿ ಕೂತಿರುತ್ತದೆ, ಬೆರಳಿಗೆ ತಾಗಿದ್ದನ್ನು ನಾಲಿಗೆಗೆ ಮುಟ್ಟಿಸಿದರೆ ಹಲ್ಲು ಜುಮ್ಮೆನ್ನುತ್ತದೆ. ಕಾಲ ಕೆಳಗಿನ ಮಣ್ಣು ಮಳೆಗಾಲದಲ್ಲಿ ಕುಡಿದ ನೀರನ್ನು ಇನ್ನೂ ಒಡಲಲ್ಲಿ ಇಟ್ಟುಕೊಂಡು, ಮೇಲೆ ಮಾತ್ರ ಸಣ್ಣಗೆ ಬಿರುಕು ಬಿಡತೊಡಗಿರುತ್ತದೆ. ಇಂಥ ನೆಲದ ಮುಂದೆ ನಿಂತಾಗ ಎಣಿಕೆ ಎಂಬುದು ಮನಸ್ಸಿಗೆ ಸುಳಿಯುವುದೇ ಇಲ್ಲ. ಆದರೂ ಈ ನೆಲದಷ್ಟು ಎಣಿಸಿಕೊಂಡದ್ದು ಈ ಸೀಮೆಯಲ್ಲಿ ಇನ್ನೊಂದಿಲ್ಲ. ಶಾಸನದ ಕಲ್ಲುಗಳಲ್ಲಿ ಮತ್ತರು, ಕಮ್ಮ ಎಂದು, ಒಕ್ಕಲಿಗರ ಬಾಯಲ್ಲಿ ಕೂರಿಗೆ ಎಂದು, ಪಹಣಿ ಉತಾರದ ಹಾಳೆಯಲ್ಲಿ ಎಕರೆ, ಗುಂಟೆ, ಆಣೆ ಎಂದು, ಒಂದೊಂದು ಕಾಲವೂ ಬಂದು ಇದರ ಮೇಲೆ ತನ್ನ ಅಂಕಿಯನ್ನು ಬರೆದು ಹೋಗಿದೆ.

ಎಣಿಸುವುದಕ್ಕೂ ಇಲ್ಲಿ ಒಂದು ಮರ್ಯಾದೆ ಇದೆ. ಕಣದಲ್ಲಿ ರಾಶಿ ಬಿದ್ದಾಗ ಚಪ್ಪಲಿ ಕಳಚಿಟ್ಟು ಒಳಗೆ ಬರುತ್ತಾರೆ, ರಾಶಿಗೆ ಪೂಜೆಯಾಗುವವರೆಗೆ ಯಾರೂ ದನಿ ಏರಿಸುವುದಿಲ್ಲ, ಅಳೆಯಲು ಕೂತ ಹಿರಿಯರು ಮೊದಲ ಅಳತೆಗೆ ಒಂದು ಎನ್ನದೆ ಲಾಭ ಎನ್ನುತ್ತಾರೆ. ಎರಡರಿಂದ ಮುಂದೆ ಎಲ್ಲವೂ ಎಲ್ಲರೂ ಬಲ್ಲ ಸಂಖ್ಯೆಗಳೇ, ಆದರೆ ಆ ಮೊದಲನೆಯದು ಮಾತ್ರ ಸಂಖ್ಯೆಯೊಳಗೆ ಬರುವ ಮುಂಚೆ ಹೊಸ್ತಿಲಲ್ಲಿ ಒಂದು ಗಳಿಗೆ ನಿಲ್ಲುತ್ತದೆ. ಜೋಳದ ಕಾಳು ಅಳತೆಯೊಳಗೆ ಬೀಳುವ ಸದ್ದು, ಬುಟ್ಟಿಯ ಅಂಚಿನಲ್ಲಿ ಅಂಗೈ ಸವರಿ ಹೆಚ್ಚಾದದ್ದನ್ನು ಮತ್ತೆ ರಾಶಿಗೇ ಸೇರಿಸುವ ಆ ಒಂದು ಸನ್ನೆ, ಮೂಗಿಗೆ ಅಡರುವ ಹೊಟ್ಟಿನ ಬೆಚ್ಚನೆಯ ವಾಸನೆ, ಸಂಜೆಯ ಓರೆ ಬಿಸಿಲಿನಲ್ಲಿ ತೇಲುವ ದೂಳು, ಇವೆಲ್ಲದರ ನಡುವೆ ಸಂಖ್ಯೆ ಹುಟ್ಟುತ್ತಿರುವುದನ್ನು ನೋಡಿದವರಿಗೆ, ಅದು ಹಾಳೆಯ ಮೇಲಿನ ಮಸಿಯಾಗುವ ಮೊದಲು ಎಷ್ಟು ದೂರದಿಂದ ನಡೆದು ಬಂದಿದೆ ಎಂಬುದು ತಿಳಿದಿರುತ್ತದೆ.

ಆ ಮಸಿ ಒಂದು ಕಾಲಕ್ಕೆ ಮೋಡಿಯಲ್ಲಿ ಹರಿಯುತ್ತಿತ್ತು. ಪೇಶವೆಯರ ಆಳ್ವಿಕೆ ಈ ಬಯಲನ್ನು ಮುಟ್ಟಿದಾಗ, ನರಗುಂದದಲ್ಲಿ ಭಾವೆ ಮನೆತನವೂ ಗಜೇಂದ್ರಗಡದಲ್ಲಿ ಘೋರ್ಪಡೆ ಮನೆತನವೂ ನೆಲೆ ನಿಂತಾಗ, ದಫ್ತರದ ಲೆಕ್ಕ ಮರಾಠಿಯಲ್ಲಿ, ಮರಾಠಿಯ ಓಟದ ಲಿಪಿಯಾದ ಮೋಡಿಯಲ್ಲಿ ನಡೆಯಿತು. 1818ರಲ್ಲಿ ಪೇಶವಾಯಿ ಮುಗಿದು ಕಂಪನಿಯ ಕಚೇರಿಗಳು ಬಂದ ಮೇಲೂ ಬರೆಯುವ ಕೈ ಬದಲಾಗಲಿಲ್ಲ. ದೇವಗಿರಿಯ ಮಂತ್ರಿ ಹೇಮಾದ್ರಿ ಈ ಲಿಪಿಯನ್ನು ಬಳಕೆಗೆ ತಂದನೆಂದು ಮರಾಠಿಗರು ನಂಬುತ್ತ ಬಂದಿದ್ದಾರೆ, ಆ ದೇವಗಿರಿಯ ಅರಸರೇ ನಮ್ಮ ಸೇವುಣರು, ಗದಗಿನ ಸೀಮೆಯನ್ನೂ ಆಳಿ ಕನ್ನಡದಲ್ಲಿ ಶಾಸನ ಹಾಕಿಸಿದವರು. ಹೀಗಾಗಿ ಮೋಡಿಯನ್ನು ಪರದೇಶಿ ಎಂದು ದೂರ ಇಡಲು ನನಗೆ ಮನಸ್ಸು ಬರುವುದಿಲ್ಲ. ಶೃಂಗೇರಿಯ ಮಠದ ದಫ್ತರದಲ್ಲಿ, ತಂಜಾವೂರಿನ ಸರಸ್ವತಿ ಮಹಲಿನಲ್ಲಿ, ಪುಣೆಯಲ್ಲಿ ರುಮಾಲು ಕಟ್ಟಿಟ್ಟ ಕೋಟಿಗಟ್ಟಲೆ ಕಾಗದಗಳಲ್ಲಿ ಅದು ಮಲಗಿದೆ, ಅವುಗಳಲ್ಲಿ ನಮ್ಮ ಊರುಗಳ ಹೆಸರೂ, ನಮ್ಮ ಹೊಲಗಳ ಫಸಲೂ ಮಲಗಿವೆ.

ಮೋಡಿ ಬರೆಯುವ ಕ್ರಮವೇ ನೋಡುವಂಥದ್ದು. ದೇವನಾಗರಿಯಲ್ಲಿ ಅಕ್ಷರ ಬರೆದ ಮೇಲೆ ತಲೆಗೆರೆ ಎಳೆಯುತ್ತಾರೆ. ಇಲ್ಲಿ ಮೊದಲೇ ಹಾಳೆಯ ಈ ಅಂಚಿನಿಂದ ಆ ಅಂಚಿನವರೆಗೆ ಒಂದು ಗೆರೆ, ಆಮೇಲೆ ಆ ಗೆರೆಯಿಂದ ಅಕ್ಷರಗಳು ಇಳಿಯುತ್ತವೆ, ಒಂದರ ಬಾಲ ಇನ್ನೊಂದರ ಕೊರಳಿಗೆ ಸುತ್ತಿಕೊಂಡು, ಬೋರು ಎಂಬ ಲೇಖನಿಯನ್ನು ಮೇಲೆತ್ತದೆ, ಮಸಿ ತೀರುವವರೆಗೂ ಕೈ ಹರಿಯುತ್ತಲೇ ಹೋಗುತ್ತದೆ. ಮಸಿ ಬೇಗ ಒಣಗಲೆಂದು ಮೇಲೆ ಸಣ್ಣ ಉಸುಕು ಚೆಲ್ಲುತ್ತಿದ್ದರು. ಹಳೆಯ ಹಾಳೆಯೊಂದನ್ನು ಇವತ್ತು ಬಿಚ್ಚಿ ಬೆಳಕಿಗೆ ಹಿಡಿದರೆ ಆ ಉಸುಕಿನ ಒಂದೆರಡು ಕಣ ಇನ್ನೂ ಅಕ್ಷರದ ತಿರುವಿನಲ್ಲಿ ಸಿಕ್ಕಿಕೊಂಡು ಮಿನುಗುತ್ತವೆ, ಯಾವ ಹಳ್ಳದ ದಂಡೆಯಿಂದ ತಂದದ್ದೋ, ಯಾರ ಬೆರಳಿನಿಂದ ಉದುರಿದ್ದೋ. ಓದುವ ಕಣ್ಣು ಈ ಬಳ್ಳಿಯಂಥ ಸಾಲುಗಳಲ್ಲಿ ಎಡವುತ್ತ ಹೋಗುತ್ತಿರುವಾಗ ಒಮ್ಮೆಲೇ ಹಾಳೆಯ ಬಲಕ್ಕೆ ಒಂದು ತೆರವು ಬರುತ್ತದೆ, ಅಲ್ಲಿ ಅಂಕಿಗಳು. ಅಕ್ಷರಗಳಂತೆ ಒಂದನ್ನೊಂದು ಅಪ್ಪಿಕೊಳ್ಳದೆ, ಸುತ್ತ ಗಾಳಿ ಇಟ್ಟುಕೊಂಡು, ಬಿಡಿಬಿಡಿಯಾಗಿ ನಿಂತಿರುತ್ತವೆ. ಆಕಾರದಲ್ಲಿ ದೇವನಾಗರಿಯ ಅಂಕಿಗಳ ನೆಂಟರೇ, ಓಟದಲ್ಲಿ ಮೈ ಸ್ವಲ್ಪ ಬಾಗಿದ್ದಷ್ಟೇ ಬೇರೆ. ಮತ್ತು ಆ ಅಂಕಿಗಳ ಬಲಮಗ್ಗುಲಿಗೆ, ಮೊದಲ ನೋಟಕ್ಕೆ ಅಲಕ್ಷಿಸಿಬಿಡಬಹುದಾದ ಕೆಲವು ಬರಿಯ ಗೆರೆಗಳು.

ನನಗೆ ಮನಸ್ಸು ನಿಂತದ್ದು ಆ ಗೆರೆಗಳಲ್ಲಿ. ಈ ಸೀಮೆಯ ಹಳೆಯ ಮನೆಗಳ ಕಿರ್ದಿ, ಖತಾವಣಿಗಳಲ್ಲಿ ಕನ್ನಡ ಬರಹದ ನಡುವೆಯೂ ಅವು ಬರುತ್ತವೆ. ಅಟ್ಟದಿಂದ ಇಳಿಸಿದ ಅಂಥದೊಂದು ವಹಿಯನ್ನು ಮೊಳಕಾಲ ಮೇಲೆ ಇಟ್ಟುಕೊಂಡು, ಕೆಂಪು ಅರಿವೆಯ ರಟ್ಟಿನ ಮೇಲಿನ ದೂಳನ್ನು ಅಂಗೈಯಿಂದ ನಿಧಾನಕ್ಕೆ ಒರೆಸುತ್ತಿದ್ದ ಹಿರಿಯರೊಬ್ಬರನ್ನು, ಬೆರಳಿಟ್ಟು ಕೇಳಿದೆ.

“ಇದೇನ್ರೀ ಅಜ್ಜಾರ, ಬರೇ ಗೀಟು ಹೊಡದಾರಲ್ಲಾ?”

ಅವರು ಕಣ್ಣು ಕಿರಿದು ಮಾಡಿ ನೋಡಿದರು. “ಮೂರು ನಿಂತಾವು, ಮೂರು ಓರೆ ಅದಾವು. ಹದಿನೈದಾಣೆ, ತಮ್ಮಾ. ಇನ್ನೊಂದಾಣೆ ಬಂದಿದ್ದರ ರೂಪಾಯಿ ಆಗಿ ಎಲ್ಲಾ ಗೀಟೂ ಅಳಿಸಿ ಹೋಗತಿದ್ವು.”

ಒಂದು ಓರೆ ಗೆರೆ ಒಂದು ಆಣೆ. ಎರಡು ಓರೆ, ಎರಡಾಣೆ. ಮೂರು ಓರೆ, ಮೂರಾಣೆ. ನಾಲ್ಕನೆಯದು ಬಂದಾಗ ಓರೆ ಗೆರೆಗಳೆಲ್ಲ ಕರಗಿ ಒಂದು ನೆಟ್ಟನೆಯ ಗೆರೆಯಾಗಿ ಎದ್ದು ನಿಲ್ಲುತ್ತವೆ, ಅದು ಪಾವಲಿ, ರೂಪಾಯಿಯ ಕಾಲು. ಹೀಗೆ ಮೂರು ನೆಟ್ಟನೆಯವೂ ಮೂರು ಓರೆಯವೂ ತುಂಬಿದ ಮೇಲೆ, ಹದಿನಾರನೆಯದರ ಹೊತ್ತಿಗೆ, ಇಡೀ ಸಾಲು ಖಾಲಿಯಾಗಿ ಎಡಗಡೆಯ ಅಂಕಿಯೊಂದು ಮೆಲ್ಲನೆ ಹೆಚ್ಚುತ್ತದೆ. ಒಂದೇ ಬಗೆಯ ಗೆರೆ ಮೂರಕ್ಕಿಂತ ಹೆಚ್ಚು ಎಲ್ಲಿಯೂ ಒಟ್ಟಿಗೆ ಬರುವುದಿಲ್ಲ. ಕಣ್ಣು ಎಣಿಸದೆಯೇ ಒಂದೇ ನೋಟಕ್ಕೆ ಹಿಡಿಯಬಲ್ಲಷ್ಟೇ ಗೆರೆಗಳನ್ನು ಆ ಪದ್ಧತಿ ಒಂದು ಕಡೆ ಇಟ್ಟಿದೆ. ಯಾರು ಕಂಡುಹಿಡಿದರು ಎಂದು ಕೇಳುವುದು ಇಂಥವುಗಳಿಗೆ ಹೊಂದುವ ಪ್ರಶ್ನೆಯಲ್ಲವೆಂದು ನನಗೆ ಅನ್ನಿಸುತ್ತದೆ. ಬಿಸಿ ರೊಟ್ಟಿಯನ್ನು ಅರ್ಧ ಮುರಿದು, ಅರ್ಧವನ್ನು ಮತ್ತೆ ಅರ್ಧ ಮುರಿದು, ಸುತ್ತ ಕೂತ ಮಕ್ಕಳಿಗೆಲ್ಲ ಸಮನಾಗಿ ಹಂಚುವ ತಾಯಿಯ ಕೈಯೊಳಗೆ ಇರುವ ಗಣಿತ ಅದು; ಎರಡು, ನಾಲ್ಕು, ಎಂಟು, ಹದಿನಾರು, ಕೈಗೆ ತಾನಾಗಿ ಬರುವ ಸಂಖ್ಯೆಗಳು. ಹತ್ತು ಪಾಲು ಸರಿಯಾಗಿ ಮಾಡಬೇಕಾದರೆ ಅಳತೆಕೋಲು ಬೇಕು. ಹದಿನಾರಕ್ಕೆ ಏನೂ ಬೇಡ, ಮಡಿಚುತ್ತ ಹೋದರೆ ಸಾಕು. ಸವ್ವಾ, ದೀಡ, ಪಾವು ಎಂದು ನಮ್ಮ ಸಂತೆಗಳು ಈಗಲೂ ಆಡುವ ಮಾತೆಲ್ಲ ಆ ಮಡಿಕೆಗಳ ಗುರುತೇ.

ಆ ಹದಿನಾರು ನೆಲಕ್ಕೂ ಇಳಿಯಿತು. 1840ರ ದಶಕದಲ್ಲಿ ಸರ್ವೆ ಅಧಿಕಾರಿ ಜಾರ್ಜ್ ವಿಂಗೇಟ್ ಧಾರವಾಡ ಜಿಲ್ಲೆಯ ಹೊಲಗಳನ್ನು ಅಳೆಸಿದಾಗ, ಮೂವತ್ತಮೂರು ಅಡಿ ಉದ್ದದ ಸರಪಳಿ ಈ ಬಯಲುಗಳಲ್ಲಿ ಝಣಝಣ ಸದ್ದು ಮಾಡುತ್ತ ಹರಿದಾಡಿತು; ಸರಪಳಿಯುದ್ದ, ಸರಪಳಿಯಗಲದ ಚೌಕ ಒಂದು ಗುಂಟೆ, ನಲವತ್ತು ಗುಂಟೆ ಒಂದು ಎಕರೆ, ಗುಂಟೆಯ ಹದಿನಾರನೆಯ ಪಾಲು ಒಂದು ಆಣೆ. ಅಳೆದ ಮೇಲೆ ಮಣ್ಣನ್ನು ಅಗೆದು ನೋಡಿದರು. 1847ರ ಜಂಟಿ ವರದಿಯಲ್ಲಿ ನೆಲೆಗೊಂಡ ಆ ಪದ್ಧತಿಯಲ್ಲಿ ಮಣ್ಣಿನ ಬೆಲೆಯನ್ನೂ ಆಣೆಯಲ್ಲೇ ಬರೆಯುತ್ತಿದ್ದರು. ಒಂದೂಮುಕ್ಕಾಲು ಮೊಳ ಆಳದವರೆಗೂ ಒಂದೇ ಹದವಾಗಿ, ನುಣ್ಣಗೆ, ಕಪ್ಪಗೆ ಇಳಿದ ನೆಲ ಹದಿನಾರಾಣೆಯದು. ಆಳ ಕಡಿಮೆಯಾದಂತೆ ಹದಿನಾಲ್ಕು, ಹನ್ನೆರಡು, ಹತ್ತು. ಸುಣ್ಣದ ಹರಳೋ ಉಸುಕೋ ಬೆರೆತಿದ್ದರೆ, ಇಳಿಜಾರಾಗಿದ್ದರೆ, ನೀರು ನಿಲ್ಲುತ್ತಿದ್ದರೆ, ಪ್ರತಿಯೊಂದು ಕೊರತೆಗೂ ಒಂದೊಂದು ಮೆಟ್ಟಿಲು ಕೆಳಗೆ. ಕಂದಾಯ ಕಟ್ಟುವವನ ಬೆನ್ನ ಮೇಲೆ ಈ ಲೆಕ್ಕ ಎಷ್ಟು ಭಾರವಾಗಿ ಬಿತ್ತೆಂಬುದನ್ನು ನಾನು ಮರೆಯಲಾರೆ. ಆದರೂ ಒಬ್ಬ ಮನುಷ್ಯ ಗುಂಡಿಯೊಳಗೆ ಬಗ್ಗಿ, ಕೈಗೆ ಹತ್ತಿದ ಎರಿ ಮಣ್ಣನ್ನು ಬೆರಳುಗಳ ನಡುವೆ ತಿಕ್ಕಿ, ಅದರ ತಂಪನ್ನೂ ಜಿಗುಟನ್ನೂ ಬಣ್ಣವನ್ನೂ ಅರಿತು, ಆ ಅರಿವನ್ನೆಲ್ಲ ಮೂರು ನಿಂತ ಗೆರೆ, ಎರಡು ಓರೆ ಗೆರೆ ಎಂದು ಹಾಳೆಗೆ ಇಳಿಸುವ ಆ ಕ್ಷಣವನ್ನು ನೆನೆದಾಗ, ಭೂಮಿ ಅಂಕಿಯಾಗುವ ಈ ದಾಟುವಿಕೆಯಲ್ಲಿ ನಾನು ಬಹಳ ಹೊತ್ತು ನಿಂತುಬಿಡುತ್ತೇನೆ. ಎಷ್ಟೊಂದು ಹೋಯಿತು, ಎಷ್ಟೊಂದು ಉಳಿಯಿತು. ನಾಲಿಗೆಯ ಮೇಲಿನ ಹುಳಿ ಹಾಳೆಗೆ ಬರಲಿಲ್ಲ, ಹಕ್ಕಿಯ ಕೂಗು ಬರಲಿಲ್ಲ. ಆಳ ಬಂತು, ಕಪ್ಪು ಬಂತು, ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಹೊತ್ತೊಯ್ಯಬಹುದಾದಷ್ಟು ಮಾತ್ರ ಬಂತು.

ಗೆರೆಯೊಂದಕ್ಕೆ ಮನೆತನವನ್ನು ಉಳಿಸುವ, ಅಳಿಸುವ ಶಕ್ತಿಯೂ ಇತ್ತು. 1852ರ 11ನೆಯ ಕಾಯ್ದೆಯ ಬಲದಿಂದ ಇನಾಮ್ ಕಮಿಷನ್ ಬಂದಾಗ, ತಲೆಮಾರುಗಳಿಂದ ಉಂಡುಕೊಂಡು ಬಂದ ಭೂಮಿಗೆ ಸನದು ತೋರಿಸಿರೆಂದು ಕೇಳಿದಾಗ, ಪೆಟ್ಟಿಗೆಗಳ ತಳದಿಂದ, ದೇವರ ಜಗುಲಿಯಿಂದ, ಗೋಡೆಯ ಗೂಡಿನಿಂದ ಮೋಡಿ ಕಾಗದಗಳು ಹೊರಗೆ ಬಂದವು. ಹುಳ ತಿಂದ ತೂತೊಂದು ಅಂಕಿಯ ಮೇಲೆಯೇ ಬಿದ್ದಿದ್ದ ಮನೆಯವರ ಎದೆ ಹೇಗೆ ಹೊಡೆದುಕೊಂಡಿರಬೇಕು. ನರಗುಂದದ ಅರಸ, ಭಾವೆ ಮನೆತನದ ಬಾಬಾಸಾಹೇಬನಿಗೆ ದತ್ತು ತೆಗೆದುಕೊಳ್ಳಲು ಅನುಮತಿ ಸಿಗಲಿಲ್ಲ. 1858ರ ಮೇ ಕೊನೆಗೆ ಬಂಡಾಯ ಎದ್ದಿತು, ಜೂನ್ 12ರಂದು ಬೆಳಗಾವಿಯಲ್ಲಿ ಅವನನ್ನು ಗಲ್ಲಿಗೇರಿಸಿದರು. ಆ ಸಂಸ್ಥಾನದ ಲೆಕ್ಕ ಅಲ್ಲಿಗೆ ಮುಚ್ಚಿತು.

ಲಿಪಿಗಳು ಇಷ್ಟು ಸದ್ದು ಮಾಡಿ ಸಾಯುವುದಿಲ್ಲ. ಛಾಪಖಾನೆ ಮೋಡಿಯನ್ನು ಒಮ್ಮೆ ಕೈ ಹಿಡಿದಿತ್ತು, ಸಿರಾಂಪುರದಲ್ಲಿ ವಿಲಿಯಂ ಕೇರಿ 1810ರಲ್ಲಿ ತನ್ನ ಮರಾಠಿ ನಿಘಂಟನ್ನು ಮೋಡಿಯ ಅಚ್ಚಿನಲ್ಲಿ ತಂದಿದ್ದ. ಆದರೆ ಓಡುವ ಅಕ್ಷರವನ್ನು ಸೀಸದ ಮೊಳೆಗಳಲ್ಲಿ ಬಿಡಿಬಿಡಿಯಾಗಿ ನಿಲ್ಲಿಸುವುದು ಅದರ ಸ್ವಭಾವಕ್ಕೆ ಒಗ್ಗಲಿಲ್ಲ. ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ಮರಾಠಿ ದೇವನಾಗರಿಗೆ ಪೂರ್ತಿ ಸರಿದಿತ್ತು. ಗೆರೆಗಳ ಕಾಲ ಇನ್ನೊಂದಿಷ್ಟು ದಿನ ನಡೆಯಿತು. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯಾ ಪೈಸೆ ಬಂದವು, ಅಲ್ಲಿಂದ ಮುಂದೆ ಓರೆ ಗೆರೆಗೆ ಸಂತೆಯಲ್ಲಿ ಮೆಲ್ಲಮೆಲ್ಲನೆ ಕೆಲಸವಿಲ್ಲವಾಯಿತು. ಅಜ್ಜನ ವಹಿಯಲ್ಲಿಯೂ ಅದು ಕಾಣುತ್ತದೆ: ಒಂದು ಪುಟದವರೆಗೆ ಗೆರೆಗಳು, ಮುಂದಿನ ಪುಟಗಳಲ್ಲಿ ಒಂದು ಚುಕ್ಕೆ, ಚುಕ್ಕೆಯಾಚೆ ಎರಡು ಅಂಕಿ, ಅದೇ ಕೈ, ಅದೇ ಮಸಿ. ಉತಾರದಲ್ಲಿ ಮಾತ್ರ ಆಣೆ ಇನ್ನೂ ಇದೆ. ನಾಣ್ಯದಿಂದ ಹೋದದ್ದು ನೆಲದಲ್ಲಿ ಉಳಿಯಿತು. ಒಂದು ಆಣೆ ಎಂದರೆ ಸುಮಾರು ಅರವತ್ತೆಂಟು ಚದರ ಅಡಿ, ಒಂದು ಸಣ್ಣ ಕೋಣೆಯಷ್ಟು ಜಾಗ, ಅಣ್ಣ ತಮ್ಮಂದಿರ ಪಾಲಿನಲ್ಲಿ ಅದೂ ಬಿಟ್ಟುಹೋಗದಂತೆ ಬರೆದಿಡುವ ಜಾಗರೂಕತೆ ಕಂಪ್ಯೂಟರಿನಿಂದ ಹೊರಬರುವ ಪಹಣಿಯಲ್ಲಿ ಈಗಲೂ ಇದೆ.

ಇನ್ನು ಮುಂದಿನದು ನಡೆದದ್ದು ಈ ಬಯಲಿನಿಂದ ಬಹಳ ದೂರದಲ್ಲಿ. ಜಗತ್ತಿನ ಬರಹಗಳಿಗೆಲ್ಲ ಯಂತ್ರದೊಳಗೆ ಒಂದೊಂದು ನೆಲೆ ಗೊತ್ತು ಮಾಡುವ ಕೆಲಸವನ್ನು ಯೂನಿಕೋಡ್ ಮಾಡುತ್ತ ಬಂದಿದೆ, ಪ್ರತಿ ಅಕ್ಷರಕ್ಕೂ ಪ್ರತಿ ಅಂಕಿಗೂ ಒಂದು ಸಂಖ್ಯೆ, ಒಮ್ಮೆ ಕೊಟ್ಟದ್ದನ್ನು ಹಿಂದಕ್ಕೆ ಪಡೆಯದ ಸಂಖ್ಯೆ. ನಮ್ಮ ೦ಯಿಂದ ೯ರವರೆಗಿನ ಅಂಕಿಗಳು ಮೊದಲಿನಿಂದಲೇ ಅಲ್ಲಿ ಇದ್ದವು. 2009ರ ಅಕ್ಟೋಬರಿನಲ್ಲಿ ಬಂದ 5.2ನೆಯ ಆವೃತ್ತಿಯಲ್ಲಿ ಆ ಗೆರೆಗಳು ಬಂದವು: ಕಾಲು, ಅರೆ, ಮುಕ್ಕಾಲಿಗೆ ನಿಂತವು ಮೂರು, ಹದಿನಾರನೆಯ ಪಾಲಿನ ಓರೆಯವು ಮೂರು, ಜೊತೆಗೆ ರೂಪಾಯಿಯ ಗುರುತು, ಅಳತೆಯ ಗುರುತು ಮೊದಲಾದ ಇನ್ನು ನಾಲ್ಕು, ಒಟ್ಟು ಹತ್ತು ಚಿಹ್ನೆಗಳು. ಉತ್ತರದ ಚಿಹ್ನೆಗಳೆಂದು ಅವಕ್ಕೆ ಹೆಸರಾದರೂ, ಅವನ್ನು ಬಳಸುವ ಲಿಪಿಗಳ ಪಟ್ಟಿಯಲ್ಲಿ ಮೋಡಿಯ ಜೊತೆಗೆ ಕನ್ನಡವೂ ಇದೆ, ಅದನ್ನು ಕಂಡಾಗ ಅಜ್ಜನ ವಹಿಗೆ ಎಲ್ಲೋ ಒಂದು ಸಾಕ್ಷಿ ಸಿಕ್ಕಿತೆನ್ನಿಸಿತು. 2014ರ ಜೂನ್‌ನಲ್ಲಿ, 7.0ನೆಯ ಆವೃತ್ತಿಯಲ್ಲಿ, ಅಂಶುಮನ್ ಪಾಂಡೆ ಅವರು ಬರೆದ ಪ್ರಸ್ತಾವದ ಮೇರೆಗೆ ಮೋಡಿ ಲಿಪಿ ಎಪ್ಪತ್ತೊಂಬತ್ತು ಚಿಹ್ನೆಗಳೊಂದಿಗೆ ಒಳಗೆ ಬಂತು. ಅದರಲ್ಲಿ ಹತ್ತು ಅಂಕಿಗಳು. ದೇವನಾಗರಿಯ ಅಂಕಿಗಳಿಗೆ ಇಷ್ಟು ಹತ್ತಿರದವೆಂದು ಅವುಗಳಲ್ಲೇ ಕರಗಿಸಿಬಿಡದೆ, ಮೋಡಿಯ ಅಂಕಿಗಳಿಗೆ ತಮ್ಮದೇ ಸ್ಥಾನ ಸಿಕ್ಕಿತು. ಸರಿಯಾಯಿತು ಎಂದೇ ನಾನು ಹೇಳುತ್ತೇನೆ.

ಆ ಸ್ಥಾನಗಳನ್ನು ನೋಡುತ್ತ ಕೂತರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಯೂನಿಕೋಡಿನ ನೆಲೆಗಳನ್ನು ಬರೆಯುವುದು ಹದಿನಾರರ ಎಣಿಕೆಯಲ್ಲಿ, ಅಂದರೆ ಒಂಬತ್ತಾದ ಮೇಲೆ ಹತ್ತು ಎಂದು ಮಗ್ಗುಲಿನ ಮನೆಗೆ ಹೋಗದೆ, ಹದಿನೈದು ತುಂಬುವವರೆಗೂ ಅದೇ ಮನೆಯಲ್ಲಿ ಇದ್ದು, ಹದಿನಾರಕ್ಕೆ ಪಕ್ಕದ ಮನೆಯಲ್ಲಿ ಒಂದು ಹೆಚ್ಚಿಸುವ ಎಣಿಕೆ. ಹದಿನೈದಾಣೆ ತುಂಬಿ ಹದಿನಾರನೆಯದಕ್ಕೆ ಗೆರೆಗಳೆಲ್ಲ ಅಳಿಸಿ ರೂಪಾಯಿ ಹೆಚ್ಚುವ ಆ ಅಜ್ಜನ ಎಣಿಕೆಯೇ ಇದು. ಆ ಎಣಿಕೆಯಲ್ಲಿ ಮೋಡಿಯ ಸೊನ್ನೆಯ ನೆಲೆ 11650, ಒಂದರದು 11651, ಏಳರದು 11657, ಒಂಬತ್ತರದು 11659. ನೆಲೆಯ ಕೊನೆಯ ಮನೆಯಲ್ಲಿ ಆ ಅಂಕಿ ತಾನೇ ಕೂತಿದೆ. ಎಲ್ಲ ಲಿಪಿಗಳಿಗೂ ಹೀಗೆ ಒದಗಿಲ್ಲ. ಕನ್ನಡದ ಸೊನ್ನೆ ಆರರ ಮನೆಯಿಂದ ಸುರುವಾಗುತ್ತದೆ, ದೇವನಾಗರಿಯದೂ ಹಾಗೆಯೇ.

ಇನ್ನೂ ಒಳಗೆ ಇಳಿದರೆ, ಯಂತ್ರದ ತಳದಲ್ಲಿ, ಇರುವುದು ಎರಡೇ, ಇದೆ ಮತ್ತು ಇಲ್ಲ, ಒಂದು ಮತ್ತು ಸೊನ್ನೆ. ಮೋಡಿಯ ಒಂದು ಅಂಕಿಯನ್ನು ಇವತ್ತಿನ ವಾಡಿಕೆಯ ಯುಟಿಎಫ್-8 ಕ್ರಮದಲ್ಲಿ ಕಡತಕ್ಕೆ ಇಳಿಸಿದಾಗ ಅದು ನಾಲ್ಕು ಬೈಟ್, ಮೂವತ್ತೆರಡು ಒಂದು-ಸೊನ್ನೆಗಳ ಒಂದು ಸಾಲಾಗುತ್ತದೆ. ಹತ್ತೂ ಅಂಕಿಗಳಿಗೆ ಮೊದಲ ಇಪ್ಪತ್ತೆಂಟು ಒಂದೇ. ಬದಲಾಗುವುದು ಕೊನೆಯ ನಾಲ್ಕು ಮಾತ್ರ. ಏಳನ್ನು ತೆಗೆದುಕೊಂಡರೆ ಆ ಕೊನೆಯ ನಾಲ್ಕು 0111. ಅದನ್ನು ಎರಡೆರಡಾಗಿ ಬಿಡಿಸಿ ನೋಡಿದೆ: 01, 11. ಎರಡರ ಎಣಿಕೆಯಲ್ಲಿ ಮೊದಲ ಜೋಡಿ ಒಂದು, ಎರಡನೆಯ ಜೋಡಿ ಮೂರು. ಒಂದು ನಿಂತ ಗೆರೆ, ಮೂರು ಓರೆ ಗೆರೆ. ಏಳಾಣೆ. ಆರಕ್ಕೆ 01, 10, ಒಂದು ನಿಂತದ್ದು, ಎರಡು ಓರೆಯವು, ಆರಾಣೆ. ಒಂಬತ್ತಕ್ಕೆ 10, 01, ಎರಡು ನಿಂತವು, ಒಂದು ಓರೆ. ಒಂದೂ ತಪ್ಪುವುದಿಲ್ಲ, ತಪ್ಪಲು ಸಾಧ್ಯವೇ ಇಲ್ಲ, ಏಕೆಂದರೆ ಎರಡೂ ಅರ್ಧದ ಅರ್ಧ ಮಾಡುತ್ತ ಹೋಗುವ ಒಂದೇ ಕೈಯ ಕೆಲಸ. ಬೋರು ಹಿಡಿದ ಕುಲಕರ್ಣಿ ಎಣ್ಣೆದೀಪದ ಬೆಳಕಿನಲ್ಲಿ ಎಳೆದದ್ದೂ, ವಿದ್ಯುತ್ತು ಹರಿಯುವ ಸಿಲಿಕಾನಿನ ಕಣ್ಣಿಗೆ ಕಾಣದ ಗೂಡುಗಳಲ್ಲಿ ಇದೆ-ಇಲ್ಲ ಎಂದು ನಿಂತದ್ದೂ ಒಂದೇ ಏಳು. ಯಾರೂ ಹೇಳಿಕೊಟ್ಟದ್ದಲ್ಲ, ಯಾರಿಂದಲೂ ಎರವಲು ತಂದದ್ದಲ್ಲ. ಭಾಗ ಮಾಡುವ ಕೆಲಸ ಎಲ್ಲಿ ನಡೆದರೂ ಅದು ಇದೇ ಹಾದಿಯಲ್ಲಿ ಇಳಿದು ಇದೇ ಘಟ್ಟಕ್ಕೆ ಬಂದು ನೀರು ಕುಡಿಯುತ್ತದೆಯೆಂಬುದನ್ನು ನೆನೆದರೆ ಮೈ ನವಿರೇಳುತ್ತದೆ.

ಆ ಹತ್ತು ಚಿಹ್ನೆಗಳಲ್ಲಿ ಇನ್ನೊಂದಿದೆ. ಲೆಕ್ಕದಲ್ಲಿ ನಡುವಿನ ಒಂದು ಮೊತ್ತ ಇಲ್ಲದಿದ್ದಾಗ, ಆ ಜಾಗ ಮರೆತುಹೋದದ್ದಲ್ಲ, ನೋಡಿಯೇ ಬಿಟ್ಟದ್ದು ಎಂದು ತಿಳಿಸಲು ಹಾಕುವ ಗುರುತು. ಇಲ್ಲದ್ದಕ್ಕೂ ಇಲ್ಲಿ ಒಂದು ಮಣೆ ಹಾಕಿದ್ದಾರೆ. ನಾಳೆ ಯಾರಾದರೂ ಕಳ್ಳತನದಿಂದ ಒಂದು ಗೆರೆ ಸೇರಿಸದಿರಲೆಂಬ ಎಚ್ಚರವೂ ಅದರಲ್ಲಿ ಇದ್ದೀತು, ಆದರೆ ಎಚ್ಚರಕ್ಕೂ ಭಕ್ತಿಗೂ ನಡುವೆ ಈ ಜನರ ಕೈಬರಹದಲ್ಲಿ ನನಗೆ ಗೆರೆ ಎಳೆಯಲು ಬರುವುದಿಲ್ಲ. ಮತ್ತು ಯಂತ್ರಕ್ಕೆ ಈ ಚಿಹ್ನೆಗಳು ಬರಿಯ ಚಿತ್ರಗಳಲ್ಲ. ಪ್ರತಿ ಅಂಕಿಯ ಹೆಸರಿನ ಜೊತೆ ಅದರ ಬೆಲೆಯನ್ನೂ ಬರೆದಿಟ್ಟಿದ್ದಾರೆ: ಮೋಡಿಯ ಐದರ ಮುಂದೆ 5, ಒಂದು ಓರೆ ಗೆರೆಯ ಮುಂದೆ 1/16. ಕನ್ನಡದ ೫ ಆಗಲಿ, ಮೋಡಿಯ ಐದಾಗಲಿ, ಸಂತೆಯ ಫಲಕದ ಮೇಲಿನ 5 ಆಗಲಿ, ಕೊಟ್ಟದ್ದನ್ನು ಕೂಡಿಸೆಂದರೆ ಕಂಪ್ಯೂಟರಿಗೆ ಕೂಡಿಸಲು ಬರುತ್ತದೆ. ಆಕಾರಗಳೆಲ್ಲ ಕಳಚಿದ ಮೇಲೆ ಉಳಿಯುವ ಆ ಐದು, ಬೆರಳುಗಳಿಗೂ ಮೊದಲು, ಕಾಳುಗಳಿಗೂ ಮೊದಲು ಎಲ್ಲಿತ್ತು ಎಂದು ಯೋಚಿಸುತ್ತ, ಅಮೋಘವರ್ಷನ ಕಾಲದಲ್ಲಿ ಈ ನಾಡಿನ ಆಶ್ರಯದಲ್ಲಿ ಕೂತು ಗಣಿತಸಾರಸಂಗ್ರಹ ಬರೆದ ಮಹಾವೀರಾಚಾರ್ಯರನ್ನು ನೆನೆಯುತ್ತೇನೆ, ಇಲ್ಲಿಂದ ದೂರವಿಲ್ಲದ ಸೂಡಿಯಲ್ಲಿ ಚಾಲುಕ್ಯರ ಟಂಕಸಾಲೆಯಲ್ಲಿ ಕಾಸಿದ ಚಿನ್ನದ ಮೇಲೆ ಮುದ್ರೆ ಒತ್ತುತ್ತಿದ್ದವರನ್ನು ನೆನೆಯುತ್ತೇನೆ. ಅವರೆಲ್ಲ ಮುಟ್ಟಿದ್ದು ಅದೇ ಐದನ್ನು.

ಈಗ ತಾಲೂಕು ಕಚೇರಿಗಳ ಅಭಿಲೇಖಾಲಯಗಳಲ್ಲಿ ಹಳೆಯ ಕಂದಾಯ ಕಡತಗಳನ್ನು ಸ್ಕ್ಯಾನ್ ಮಾಡುವ ಕೆಲಸ ನಡೆದಿದೆ, 2024ರಿಂದ ರಾಜ್ಯ ಸರ್ಕಾರದ ಭೂ ಸುರಕ್ಷಾ ಯೋಜನೆಯಡಿ ಪುಟಪುಟವೂ ಗಾಜಿನ ಮೇಲೆ ಮಲಗಿ, ಒಂದು ಬಿಳಿಯ ಬೆಳಕು ಸರಿದು ಹೋಗಿ, ಚಿತ್ರವಾಗಿ ಉಳಿಯುತ್ತಿದೆ. ಹರಿದು ಹೋಗುವ ಮೊದಲು ಅಷ್ಟಾದರೂ ಆಗಲೇಬೇಕು. ಚಿತ್ರದಲ್ಲಿ ಇರುವ ಅಂಕಿ ಮಾತ್ರ ಇನ್ನೂ ಅಂಕಿಯಾಗಿಲ್ಲ. ಅದನ್ನು ಹುಡುಕಲಾಗದು, ಕೂಡಿಸಲಾಗದು, ಒಂದು ಬರಗಾಲದ ವರ್ಷ ಈ ಸೀಮೆಯ ಎಷ್ಟು ಊರುಗಳಲ್ಲಿ ಎಷ್ಟು ಕಂದಾಯ ಬಾಕಿ ನಿಂತಿತೆಂದು ಅದನ್ನು ಕೇಳಲಾಗದು. ಯಾರಾದರೂ ಓದಿ, ಆ ಗೆರೆಯನ್ನು ಗೆರೆಯ ನೆಲೆಗೆ, ಆ ಏಳನ್ನು 11657ಕ್ಕೆ ತಂದು ಕೂರಿಸಿದ ಮೇಲೆಯೇ ಅದು ಮತ್ತೆ ಎಣಿಕೆಗೆ ಬರುವುದು. ಅಕ್ಷರದ ಅಚ್ಚುಗಳು ಸಿದ್ಧವಾಗಿವೆ, ಗೂಗಲಿನ ನೋಟೊ ಅಕ್ಷರಮಾಲೆಯಲ್ಲಿ ಮೋಡಿಯೂ ಇದೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು.

ಅಂಕಿಗಳನ್ನು ಓದಲು ಕಾಲಕ್ರಮೇಣ ಯಂತ್ರವೇ ಕಲಿತೀತು, ಅವು ಬಿಡಿಬಿಡಿಯಾಗಿ ನಿಂತಿವೆ, ಹತ್ತೇ ಆಕಾರಗಳು, ಆರು ಗೆರೆಗಳು. ಹೆಸರುಗಳ ಮಾತು ಬೇರೆ. ಮೋಡಿಯಲ್ಲಿ ಇಕಾರದ ಹ್ರಸ್ವ ದೀರ್ಘ ಒಂದೇ, ಉಕಾರದ್ದೂ ಒಂದೇ, ನಮ್ಮ ಎ ಏ, ಒ ಓಗಳ ಭೇದ ಅದಕ್ಕೆ ಗೊತ್ತೇ ಇಲ್ಲ. ಕನ್ನಡದ ಊರಿನ ಹೆಸರು, ಹೊಲದ ಹೆಸರು, ಹಳ್ಳದ ಹೆಸರು ಆ ಓಟದಲ್ಲಿ ಮಸುಕಾಗಿ, ಬೇರೆ ಯಾವುದೋ ಹೆಸರಿನ ಹಾಗೆ ಕಾಣುತ್ತದೆ. ಪುಣೆಯಲ್ಲಿ ಕೂತು ಮೋಡಿಯನ್ನು ನಿರರ್ಗಳವಾಗಿ ಓದುವವರಿಗೂ ಅಲ್ಲಿ ತೊಡಕು. ಆ ಹಾಳೆಗಳು ಪೂರ್ತಿ ಬಿಚ್ಚಿಕೊಳ್ಳಬೇಕಾದರೆ ಮೋಡಿ ಬಲ್ಲವರ ಮಗ್ಗುಲಲ್ಲಿ ಯಾವಗಲ್ಲಿನ, ಬೆಳವಣಕಿಯ, ಹೊಳೆಆಲೂರಿನ ಹಿರಿಯರೊಬ್ಬರು ಕೂತಿರಬೇಕು, ಮಸುಕಾದ ಹೆಸರನ್ನು ಎರಡು ಸಲ ಜೋರಾಗಿ ಅಂದು ನೋಡಿ, ಅದು ಯಾವ ಹೊಲ, ಯಾವ ದಾರಿಯ ಎಡಕ್ಕೆ ಬರುತ್ತದೆ, ಈಗ ಅಲ್ಲಿ ಯಾರು ಉಳುತ್ತಾರೆ ಎಂದು ಹೇಳಬಲ್ಲವರು. ಅಂಥವರು ಇನ್ನೂ ಇದ್ದಾರೆ.